ಒಂದು ಸೀಟಿ, ಎರಡು ಸೀಟಿ

ಆ ವಾರ ಬೀದರಿನಲ್ಲಿ ಪಂಢರಿಯನ್ನು ತಡೆದು ನಿಲ್ಲಿಸಿ ಬೆರಳು ತೋರಿಸಿದವರು ಒಬ್ಬಿಬ್ಬರಲ್ಲ. ಪಲ್ಯ ತರಲು ಹೋದರೆ ಮೆಂತ್ಯದ ಸಿವುಡು ಮಾರುವ ಮುದುಕಿ ಮೊದಲು ಒಂದು ಬೆರಳು ಎತ್ತಿ, ಆಮೇಲೆ ಎರಡು ಬೆರಳು ಎತ್ತಿ ಹುಬ್ಬು ಹಾರಿಸಿದಳು. ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆದವನು ಉಳಿದರ್ಧಕ್ಕೆ ಮುಂಚೆ ಕತ್ತಿಯನ್ನು ಗಾಳಿಯಲ್ಲೇ ಹಿಡಿದು, "ಒಂದೋ ಎರಡೋ, ಕಾಕಾ?" ಎಂದು ಕೇಳಿದ. ಅಂಥ ಹೊತ್ತಿನಲ್ಲಿ ಯಾರಾದರೂ ಏನು ಉತ್ತರ ಕೊಡಬೇಕು?

ಪ್ರಶ್ನೆಯೇನೋ ಸಣ್ಣದೇ. ಜನವರಿ ಇಪ್ಪತ್ತಾರರ ಕಪ್ ಮ್ಯಾಚಿನ ಕೊನೆಯ ನಿಮಿಷದಲ್ಲಿ ರೆಫ್ರಿ ಪಂಢರಿ ಊದಿದ್ದು ಒಂದು ಸೀಟಿಯೋ, ಎರಡು ಸೀಟಿಯೋ? ಊದಿದವನಿಗೆ ಗೊತ್ತಿರಲೇಬೇಕಾದ ಸಂಗತಿ. ಆದರೆ ಅವನಿಗೇ ಗೊತ್ತಿರಲಿಲ್ಲ. ಅದನ್ನು ಯಾರ ಮುಂದೆ ಹೇಳುವುದು?

ಪಂಢರಿ ಹುಟ್ಟಿದ್ದು ಔರಾದ ತಾಲೂಕಿನ ಎಕಂಬಾದಲ್ಲಿ. ಬೀದರಿನ ಹಾಸ್ಟೆಲಿನಲ್ಲಿದ್ದು ಓದಿದ, ಬರಿಗಾಲಲ್ಲಿ ಫುಟ್‌ಬಾಲ್ ಆಡಿದ. ಓದು ಅಷ್ಟಕ್ಕಷ್ಟೇ, ಆಟ ಅದಕ್ಕಿಂತ ಗುಲಗಂಜಿಯಷ್ಟು ಮೇಲು. ಆಮೇಲೆ ಸರ್ಕಾರಿ ಬಸ್ಸಿನ ಕಂಡಕ್ಟರನಾಗಿ ಮೂವತ್ತೆರಡು ವರ್ಷ ಬೀದರ, ಭಾಲ್ಕಿ, ಔರಾದ ಎಂದು ಓಡಾಡಿದ. ಆ ಭಾಗದ ಬಸ್ಸು ಹತ್ತಿದವರಿಗೆಲ್ಲ ಗೊತ್ತು, ಕಂಡಕ್ಟರ್ ಒಂದು ಸೀಟಿ ಊದಿದರೆ ಗಾಡಿ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಈ ಒಂದು ಕಾಯಿದೆಯ ಮೇಲೆ ಪಂಢರಿಯ ಇಡೀ ಬದುಕು ನಡೆದಿತ್ತು.

ಅವನು ರೆಫ್ರಿಯಾದದ್ದೂ ಅದರಿಂದಲೇ. ಬೀದರಿನಲ್ಲಿ ಫುಟ್‌ಬಾಲಿನ ಎರಡು ಕ್ಲಬ್ಬುಗಳು: ಕೋಟೆಯ ಹೆಸರಿನ ಕಿಲ್ಲಾ ಸ್ಪೋರ್ಟಿಂಗ್, ಊರ ನಡುವಿನ ಬುರುಜಿನ ಹೆಸರಿನ ಚೌಬಾರಾ ಇಲೆವನ್. ಮೊದಲು ಎರಡೂ ಒಂದೇ ಆಗಿದ್ದವು. ಗೋಲಿನ ಬಲೆಯನ್ನು ಯಾರ ಮನೆಯಲ್ಲಿಡಬೇಕು ಎಂಬ ಮಾತಿಗೆ ಮಾತು ಬೆಳೆದು ಒಡೆದವು. ಆ ಬಲೆಯನ್ನು ಇಲಿ ಕಡಿದು ಯಾವ ಕಾಲವಾಯಿತೋ, ಜಗಳ ಮಾತ್ರ ಇನ್ನೂ ಹೊಸದಾಗಿಯೇ ಇದೆ. ಒಂದೇ ಮನೆಯಲ್ಲಿ ಅಣ್ಣ ಕಿಲ್ಲಾ, ತಮ್ಮ ಚೌಬಾರಾ. ಮ್ಯಾಚಿನ ವಾರ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ರೊಟ್ಟಿ ಬಡಿಯುವ ತಾಯಂದಿರ ಗೋಳು ಕೇಳಬೇಕು. ಇಪ್ಪತ್ತು ವರ್ಷದ ಹಿಂದೆ ಒಂದು ಮ್ಯಾಚಿನಲ್ಲಿ ಹೊಡೆದಾಟ ಬಿದ್ದು ರೆಫ್ರಿ ಮೈದಾನ ಬಿಟ್ಟೇ ಓಡಿಹೋದ. ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಆ ದಾರಿಯಲ್ಲಿ ಬರುತ್ತಿದ್ದ ಪಂಢರಿ ಅಭ್ಯಾಸಬಲದಿಂದ ಒಂದು ಸೀಟಿ ಊದಿದ. ಎಲ್ಲರೂ ನಿಂತರು. ಬಸ್ಸು ಹತ್ತಿ ಹತ್ತಿ ರೂಢಿಯಾದ ಮಂದಿ, ನಿಲ್ಲದೆ ಏನು ಮಾಡಿಯಾರು? ಒಂದು ಗಳಿಗೆ ಬಿಟ್ಟು ಎರಡು ಸೀಟಿ ಊದಿದ. ಆಟ ಮುಂದೆ ಸಾಗಿತು.

ಅಂದಿನಿಂದ ಆ ಬಯಲಿನಲ್ಲಿ ಪಂಢರಿಯದೇ ಕಾಯಿದೆ. ತಪ್ಪು ಕಂಡರೆ ಒಂದು ಸೀಟಿ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಮತ್ತೆ ಎರಡು ಸೀಟಿ ಬೀಳುವತನಕ ಚೆಂಡಿಗೆ ಕಾಲು ತಾಗಿಸುವಂತಿಲ್ಲ. ಯಾರಾದರೂ ಸುಮ್ಮನೆ ನಾಟಕಕ್ಕೆ ಬಿದ್ದರೆ ತಕ್ಷಣ ಎರಡು ಸೀಟಿ: ಏನೂ ಆಗಿಲ್ಲ, ನಡೀರಿ. ಜಗತ್ತಿನ ಬೇರೆ ಕಡೆ ಫುಟ್‌ಬಾಲಿಗೆ ಬೇರೆ ನಿಯಮವಿದೆ ಎಂದು ಟಿವಿ ನೋಡುವ ಹುಡುಗರಿಗೆ ಗೊತ್ತಿತ್ತು. ಆದರೆ ಅದು ಅಲ್ಲಿಯ ಮಾತು, ಇದು ಕಿಲ್ಲಾದ ಹಿಂದಿನ ಬಯಲು.

ಇನ್ನು ಜನವರಿ ಇಪ್ಪತ್ತಾರರ ಮಾತು. ಝಂಡಾ ಏರಿಸಿ, ಬೂಂದಿ ಹಂಚಿ ಆದ ಮೇಲೆ ಮ್ಯಾಚು ಶುರುವಾಗಿತ್ತು. ಒಂದು-ಒಂದು ಗೋಲಿನ ಸಮ. ಕೊನೆಯ ನಿಮಿಷದಲ್ಲಿ ಚೌಬಾರಾದ ರವಿಕಿರಣ ಚೆಂಡು ತಗೊಂಡು ಕಿಲ್ಲಾದ ಗೋಲಿನ ಮುಂದೆ ಬಂದ. ಕಿಲ್ಲಾದ ಹುಡುಗನೊಬ್ಬ ಕಾಲು ಅಡ್ಡ ಕೊಟ್ಟ. ರವಿಕಿರಣ ಮಕಾಡೆ ಬಿದ್ದ. ಅದು ತಪ್ಪೇ, ಪಂಢರಿ ಕಣ್ಣಾರೆ ಕಂಡ. ಸೀಟಿ ಬಾಯಿಗಿಟ್ಟ, ಎದೆ ತುಂಬ ಉಸಿರು ಎಳೆದುಕೊಂಡ. ಅಷ್ಟು ಅವನಿಗೆ ನೆನಪಿದೆ. ಆಮೇಲೆ ಎರಡು ಸೀಟಿ ಕೇಳಿಸಿತು.

ಎರಡು ಎಂದರೆ ನಡೀರಿ ಎಂದು. ಚೌಬಾರಾದವರಲ್ಲಿ ಅರ್ಧ ಮಂದಿ ಪೆನಾಲ್ಟಿ ಬೇಕೆಂದು ಕೈ ಎತ್ತಿ ನಿಂತೇ ಇದ್ದರು. ಕಿಲ್ಲಾದ ಫೈಜಲ ಚೆಂಡು ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ಓಡಿ ಗೋಲಿನೊಳಗೆ ಒದ್ದ. ಪಂಢರಿ ಗೋಲು ಕೊಡಲಿಲ್ಲ, ಪೆನಾಲ್ಟಿಯನ್ನೂ ಕೊಡಲಿಲ್ಲ. ಬಸ್ಸು ತಪ್ಪಿಸಿಕೊಂಡ ಪ್ಯಾಸೆಂಜರಿನ ಹಾಗೆ ನಡು ಮೈದಾನದಲ್ಲಿ ನಿಂತುಬಿಟ್ಟ. ತಪ್ಪು ಕಂಡದ್ದು ಖರೆ, ಒಂದು ಊದಬೇಕೆಂದದ್ದು ಖರೆ; ಹಾಗಿದ್ದರೆ ಎರಡು ಹೇಗೆ ಬಿದ್ದವು? ಅಷ್ಟರಲ್ಲಿ ಮಂದಿ ಒಳಗೆ ನುಗ್ಗಿತು, ಆಟ ಅಲ್ಲಿಗೇ ನಿಂತಿತು.

ಮರುದಿನ ಎರಡೂ ಕ್ಲಬ್ಬುಗಳ ಹಿರಿಯರು ಮನೆಗೆ ಬಂದರು. ಕಿಲ್ಲಾದ ಮಕ್ಸೂದ, ಚೌಬಾರಾದ ಶಿವರಾಜಪ್ಪ. ಒಂದೇ ಹೊತ್ತಿಗೆ ಬಂದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಂಢರಿಯ ಹೆಂಡತಿ ಗಿರಿಜಾಬಾಯಿ ಕೊಟ್ಟ ಚಹಾವನ್ನು ಮಾತ್ರ ಇಬ್ಬರೂ ಬಸಿಗೆ ಸುರಿದುಕೊಂಡು ಒಂದೇ ರೀತಿ ಸುರ್ ಎಂದು ಕುಡಿದರು.

"ಪಂಢರಿಭಾಯಿ, ವಿಡಿಯೋ ಅದ," ಎಂದ ಮಕ್ಸೂದ. "ನಿಮ್ಮ ಬೆನ್ನಷ್ಟೇ ಕಾಣ್ತದ, ಖರೆ. ಆದ್ರ ಎರಡು ಸೀಟಿ ಸಾಫ್ ಕೇಳ್ತಾವ."

"ಎರಡನೇದು ಕಿಲ್ಲಾದ ಗ್ವಾಡಿಗಿ ಬಡದು ಹೊಳ್ಳಿ ಬಂದಿದ್ದ್ರಿ," ಎಂದ ಶಿವರಾಜಪ್ಪ. "ಊದಿದ್ದು ಒಂದೇ. ಗ್ವಾಡಿನೂ ಅವರ ಪಾರ್ಟಿನೇ."

"ಜಗಳ ಬ್ಯಾಡ," ಎಂದ ಮಕ್ಸೂದ. "ಐತವಾರ ಹತ್ತು ಗಂಟಿಗಿ ಚೌಕದ ಹೋಟೆಲಿಗಿ ಬರ್ರಿ. ಒಂದು ಅಂದ್ರ ಅವರಿಗಿ ಪೆನಾಲ್ಟಿ, ಎರಡು ಅಂದ್ರ ನಮ್ಮ ಗೋಲು. ನಿಮ್ಮ ಜಬಾನ್ ಸಾಕು ನಮಗ."

"ಅದಕ್ಕ ನಾವೂ ರಾಜಿ ಇದ್ದೇವ್ರಿ," ಎಂದ ಶಿವರಾಜಪ್ಪ.

ಇಪ್ಪತ್ತು ವರ್ಷದಲ್ಲಿ ಎರಡು ಕ್ಲಬ್ಬುಗಳು ರಾಜಿಯಾದ ಒಂದೇ ಸಂಗತಿ ಎಂದರೆ ಪಂಢರಿ ಸುಳ್ಳು ಹೇಳುವುದಿಲ್ಲ ಎಂಬುದು. ಅಂಥ ನಂಬಿಕೆ ಎದೆಯ ಮೇಲೆ ಕೂತರೆ ಮನುಷ್ಯ ಉಸಿರಾಡುವುದು ಕಷ್ಟ.

ಅವರು ಹೋದ ಮೇಲೆ ಗಿರಿಜಾಬಾಯಿ ಅವನ ಬಲಕ್ಕೆ ಬಂದು ಕೂತಳು. ಆಕೆ ಯಾವಾಗಲೂ ಬಲಕ್ಕೇ ಕೂಡುವುದು. ಹಳೆಯ ಗಾಡಿಗಳಲ್ಲಿ ಇಂಜಿನ್ನಿನ ಬಾನೆಟ್ಟಿನ ಬಾಜೂಕ ನಿಂತೂ ನಿಂತೂ ಪಂಢರಿಯ ಎಡಗಿವಿ ಹೋಗಿ ಆರೇಳು ವರ್ಷವಾಗಿತ್ತು. ಸದ್ದು ಕೇಳಿಸುತ್ತಿತ್ತು, ಆದರೆ ಒಂದೇ ಕಿವಿಯಾದ್ದರಿಂದ ಯಾವ ಕಡೆಯಿಂದ ಬಂತು ಎಂಬುದು ತಿಳಿಯುತ್ತಿರಲಿಲ್ಲ. ಕುಕ್ಕರಿನ ಸೀಟಿ ಕೇಳಿದರೆ ಬಾಗಿಲಿಗೆ ಹೋಗುತ್ತಿದ್ದ. ಈ ಗುಟ್ಟು ಗೊತ್ತಿದ್ದದ್ದು ಗಿರಿಜಾಬಾಯಿಗೆ ಮಾತ್ರ.

"ಕಿವಿ ಸುದ್ದಿ ಹೇಳಿಬಿಡ್ರಿ ಅವರಿಗಿ," ಎಂದಳು.

"ಕಿವಿಗೂ ಇದಕ್ಕೂ ಏನು ಸಂಬಂಧ? ಊದಾದು ಬಾಯಿಲೆ."

"ಮತ್ತ ಬಾಯಿಗಿ ಗೊತ್ತಿಲ್ಲೇನು, ಎಷ್ಟು ಊದೀನಿ ಅಂತ?"

ಅದೇ ತಾನೇ ಬಗೆಹರಿಯದ ಮಾತು! ಪಂಢರಿ ಸೀಟಿ ತೆಗೆದು ಒಮ್ಮೆ ಊದಿ ನೋಡಿದ, ಎರಡು ಬಾರಿ ಊದಿ ನೋಡಿದ, ನೆನಪು ಬರುತ್ತದೇನೋ ಎಂದು. ಓಣಿಯಲ್ಲಿ ಹೋಗುತ್ತಿದ್ದ ಆಟೋ ಒಂದು ಸೀಟಿಗೆ ನಿಂತು, ಎರಡು ಸೀಟಿಗೆ ಹೊರಟಿತು. ಅವನಿಗೆ ನಗುವೂ ಬಂತು, ಅಳುವೂ ಬಂತು.

"ಕಿವಿ ಹೋಗ್ಯಾದ ಅಂದ್ರ ಸೀಟಿನೂ ಹೋಗ್ತದ, ಗಿರಿಜಾ," ಎಂದ.

ಅದೇ ಅವನ ಅಂಜಿಕೆ. ರಿಟೈರಾದ ಮರುದಿನ ಅವನು ಸುಮ್ಮನೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿದ್ದ. ಬೇರೆ ಯಾರೋ ಸೀಟಿ ಊದಿದರು, ಔರಾದಿನ ಗಾಡಿ ಇವನನ್ನು ಬಿಟ್ಟು ಹೊರಟೇಹೋಯಿತು. ಆ ದಿನ ಆದ ಸಂಕಟ ಹೆಂಡತಿಗೂ ಪೂರ್ತಿ ಹೇಳಿಲ್ಲ. ಆಮೇಲೆ ಅವನ ಸೀಟಿಗೆ ನಿಲ್ಲುವವರು, ಹೊರಡುವವರು ಲೋಕದಲ್ಲಿ ಉಳಿದದ್ದು ಆ ಬಯಲಿನ ಹುಡುಗರು ಮಾತ್ರ. ಅದನ್ನೂ ಬಿಟ್ಟುಕೊಟ್ಟರೆ ಪಂಢರಿ ಎಂದರೆ ಯಾರು?

ಶನಿವಾರ ಬೆಳಿಗ್ಗೆ ಸಂತಪುರದ ಬಸ್ಸು ಹತ್ತಿದ. ಅಲ್ಲಿ ಅಕ್ಕನ ಹೊಸ ಮನೆಯಲ್ಲಿ ಬುದ್ಧವಂದನೆ ಇತ್ತು. ಗಿರಿಜಾಬಾಯಿ ಹಿಂದಿನ ದಿನವೇ ಅಡಿಗೆಗೆ ಹೋಗಿದ್ದಳು. ನಿಜ ಹೇಳಬೇಕೆಂದರೆ ಬೆರಳು ತೋರಿಸುವವರಿಂದ ಒಂದು ದಿನ ತಪ್ಪಿಸಿಕೊಂಡರೆ ಸಾಕಾಗಿತ್ತು ಅವನಿಗೆ. ಬಸ್ಸಿನಲ್ಲಿ ಕಂಡಕ್ಟರ್ ಸಿದ್ದೇಶ್ವರಿ. ಖಟಕ ಚಿಂಚೋಳಿಯ ಹುಡುಗಿ; ಪಂಢರಿಯ ಕೊನೆಯ ಆರು ತಿಂಗಳು ಅವನ ಜೊತೆಗೇ ಕೆಲಸ ಕಲಿತವಳು. ರಿಟೈರಾಗುವಾಗ ತನ್ನ ಬಳಿಯಿದ್ದ ಜೋಡಿ ಹಿತ್ತಾಳೆ ಸೀಟಿಗಳಲ್ಲಿ ಒಂದನ್ನು ಆಕೆಗೆ ಕೊಟ್ಟಿದ್ದ. ಆಕೆ ಈಗ ಔರಾದ ಡಿಪೋದವಳು, ಬೀದರಿನ ಬೆರಳಿನ ಜಗಳ ಆಕೆಯತನಕ ಮುಟ್ಟಿರಲಿಲ್ಲ.

ಟಿಕೆಟ್ ಕೊಡುವುದು ಮುಗಿಸಿ ಬಂದು ಪಂಢರಿಯ ಬಾಜೂಕ ನಿಂತಳು.

"ಕಾಕಾ, ನನ್ನ ಮ್ಯಾಲ ಸಿಟ್ಟು ಬಂದದೇನ್ರಿ?"

"ನಿನ್ನ ಮ್ಯಾಲ ಯಾಕವ್ವ ಸಿಟ್ಟು?"

"ಝಂಡಾ ದಿನ ಗ್ರೌಂಡಿನ ಬಾಜೂಕ ನಮ್ಮ ಗಾಡಿ ನಿಂತಿತ್ತಲ್ರಿ. ನಾ ಎಷ್ಟು ಸಲ ಕೈ ಮಾಡ್ದೆ! ನೀವು ಹೊಳ್ಳಿ ಸುದ್ದಾ ನೋಡ್ಲಿಲ್ಲ."

"ಆ ದಾರಿಗಿ ಬಸ್ಸು ಎಲ್ಲಿ ಬರ್ತದ?"

"ಮೆರವಣಿಗಿಗಂತ ಊರಾಗಿನ ರಸ್ತಾ ಬಂದ್ ಮಾಡಿದ್ರಲ್ರಿ, ಅದಕ್ಕ ಆ ಕಡಿಯಿಂದ ಬಿಟ್ಟಿದ್ರು. ಮಂದಿ ಎಲ್ಲ ರಸ್ತಾದ ಮ್ಯಾಲೇ ನಿಂತು ಆಟ ನೋಡ್ಲಿಕತ್ತಿದ್ರು, ಗಾಡಿ ಹೋಗ್ಲಿಕ್ಕ ಜಾಗಾ ಇರ್ಲಿಲ್ಲ. ಆ ಹುಡುಗ ಬಿದ್ದ ನೋಡ್ರಿ, ಮಂದಿ ಒಮ್ಮಿಗೇ ಮೈದಾನದ ಕಡಿ ಸರೀತು. ದಾರಿ ಖುಲ್ಲಾ ಆತು. ನಾ ಡಬಲ್ ಹೊಡ್ದೆ, ಹೊಂಟೇವಿ."

ಪಂಢರಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

"ಎರಡು ಹೊಡ್ದೆ?"

"ಎರಡೇ. ನೀವೇ ಕಲಿಸಿದ್ದಲ್ರಿ."

"ನಂದು ಎಷ್ಟು ಕೇಳ್ತು ನಿನಗ?"

"ನಿಮ್ದು ಎಲ್ಲಿ ಕೇಳ್ಬೇಕ್ರಿ? ನಿಮ್ಮ ಕಡಿನೇ ನೋಡ್ಲಿಕತ್ತಿದ್ದೆ ನಾ. ಸೀಟಿ ಬಾಯಾಗ ಇತ್ತು. ಈಗ ಊದ್ತಾರ, ಈಗ ಊದ್ತಾರ ಅಂತ ನೋಡ್ದೆ. ನೀವು ಊದ್ಲೇ ಇಲ್ಲ." ಆಕೆ ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕ್ರಿ ಕಾಕಾ, ಏನಾತ್ರಿ?"

"ಏನಿಲ್ಲವ್ವ. ಯಾರೋ ಕೈ ಮಾಡ್ಲಿಕತ್ತ್ಯಾರ, ಗಾಡಿ ನಿಂದ್ರಸು."

ಸಂತಪುರ ಬರುವತನಕ ಪಂಢರಿ ಮನಸ್ಸಿನಲ್ಲೇ ಕೂಡಿಸಿದ, ಕಳೆದ. ವಿಡಿಯೋದಲ್ಲಿ ಕೇಳುವುದು ಎರಡು ಸೀಟಿ. ಸಿದ್ದೇಶ್ವರಿ ಊದಿದ್ದು ಎರಡು. ಹಾಗಾದರೆ ತನ್ನ ಪಾಲಿಗೆ ಉಳಿದದ್ದೆಷ್ಟು? ಎಷ್ಟು ಸಲ ಕಳೆದರೂ ಉತ್ತರ ಅದೇ. ಇಬ್ಬರ ಸೀಟಿಯೂ ಒಂದೇ ಜೋಡಿಯದಾದ್ದರಿಂದ ದನಿ ಒಂದೇ. ಕಿವಿ ಒಂದೇ ಆದ್ದರಿಂದ ದಿಕ್ಕು ತಿಳಿಯಲಿಲ್ಲ. ಮೂವತ್ತೆರಡು ವರ್ಷದ ರೂಢಿ ಬೇರೆ. ಎರಡು ಸೀಟಿ ಬಿದ್ದ ಮೇಲೆ ಕಂಡಕ್ಟರನ ಬಾಯಿಗೆ ಕೆಲಸವಿಲ್ಲ, ಎಳೆದುಕೊಂಡ ಉಸಿರು ಒಳಗೇ ಉಳಿಯಿತು. ಬೇರೆಯವರ ಸೀಟಿಯನ್ನು ತನ್ನದೆಂದುಕೊಂಡು ಅವನು ನಾಲ್ಕು ದಿನ ತಲೆ ಕೆಡಿಸಿಕೊಂಡಿದ್ದ.

ಗೊತ್ತಾದ ಮೇಲಾದರೂ ಗೊಂದಲ ಹರಿಯಬೇಕಿತ್ತಲ್ಲ? ಹರಿಯಲಿಲ್ಲ, ಇಮ್ಮಡಿಯಾಯಿತು. ಒಂದು ಎಂದುಬಿಟ್ಟರೆ ನ್ಯಾಯ ಸಿಗುತ್ತದೆ, ರವಿಕಿರಣ ಬಿದ್ದದ್ದು ಖರೆ ತಾನೇ. ಆದರೆ ಅದು ಸುಳ್ಳು. ಎರಡು ಎಂದರೆ ವಿಡಿಯೋ ಸಾಕ್ಷಿಗಿದೆ, ಅದೂ ಸುಳ್ಳು. ಖರೆ ಹೇಳಿದರೆ ಸೀಟಿ ಹೋಗುತ್ತದೆ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಅಕ್ಕನ ಮನೆಯಲ್ಲಿ ಎಲ್ಲರೂ ಕೈ ಮುಗಿದು ಕೂತು ಪಂಚಶೀಲ ಹೇಳಿದರು. ಮೂರನೆಯದರತನಕ ಪಂಢರಿಯ ದನಿ ಎಲ್ಲರ ಜೊತೆಗಿತ್ತು. ನಾಲ್ಕನೆಯದು, ಸುಳ್ಳಾಡುವುದಿಲ್ಲ ಎಂಬುದು, ಗಂಟಲಲ್ಲೇ ಸಿಕ್ಕಿಕೊಂಡಿತು. ಬಲಕ್ಕೆ ಕೂತ ಗಿರಿಜಾಬಾಯಿ ಅವನನ್ನೊಮ್ಮೆ ನೋಡಿ, ಇಬ್ಬರ ಪಾಲಿನದನ್ನೂ ತಾನೇ ಗಟ್ಟಿಯಾಗಿ ಹೇಳಿದಳು.

ಐತವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಲ್ಲಾದವರು ಒಂದು ಗೋಡೆಗೆ, ಚೌಬಾರಾದವರು ಇನ್ನೊಂದು ಗೋಡೆಗೆ. ಪಂಢರಿಗೆ ನಡುವೆ ಒಂದು ಕುರ್ಚಿ.

"ಹೇಳ್ರಿ ಪಂಢರಿಭಾಯಿ," ಎಂದ ಮಕ್ಸೂದ. "ಒಂದೋ, ಎರಡೋ?"

"ಒಂದೂ ಇಲ್ಲ."

ಯಾರಿಗೂ ತಿಳಿಯಲಿಲ್ಲ. ಫೈಜಲ ರವಿಕಿರಣನ ಮುಖ ನೋಡಿದ, ರವಿಕಿರಣ ಫೈಜಲನ ಮುಖ ನೋಡಿದ.

"ನಾ ಊದಲೇ ಇಲ್ಲ. ಆ ಎರಡು ಸೀಟಿ ರಸ್ತಾದ ಮ್ಯಾಲ ಹೋಗೋ ಬಸ್ಸಿಂದು. ನಂದೇ ಅಂದ್ಕೊಂಡೆ. ನನ್ನ ಎಡಗಿವಿ ಹೋಗ್ಯಾದ. ಸದ್ದು ಯಾವ ಕಡಿಯಿಂದ ಬರ್ತದ ತಿಳಿಯಂಗಿಲ್ಲ. ಇದು ಆರೇಳು ವರ್ಷದ ಸುದ್ದಿ. ನಿಮಗ ಹೇಳಿರ್ಲಿಲ್ಲ, ನಂದು ತಪ್ಪಾತು."

"ಏ ಇಲ್ರಿ, ಮನ್ಯಾಗ ಯಾರರ ಹಿಂಗ ಹೇಳಂತ ಕಲಿಸಿ ಕಳಿಸ್ಯಾರ," ಎಂದು ಹಿಂದಿನಿಂದ ಒಬ್ಬ ನಕ್ಕ. ನಾಲ್ಕಾರು ಮಂದಿ ನಕ್ಕರು. ಪಂಢರಿಯೂ ನಗಲು ನೋಡಿದ. ಆಗ ಹೋಟೆಲು ಒಮ್ಮೆಲೇ ಸ್ತಬ್ಧವಾಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಯಾಕೆಂದು ತಿಳಿಯದು. ಅವನು ಎದುರಿನವರ ಕಣ್ಣು ಹೋದ ಕಡೆ ತಿರುಗಿ ನೋಡಿದ. ಎಡಗಡೆ ಒಂದು ಮೊಳ ದೂರದಲ್ಲಿ ಶಿವರಾಜಪ್ಪ ಬಗ್ಗಿ ನಿಂತಿದ್ದ. ಅವನ ತುಟಿ ಆಗಷ್ಟೇ ಅಲ್ಲಾಡಿ ನಿಂತಿತ್ತು.

"ಏನಂದಿ ಶಿವರಾಜಪ್ಪ?"

"ಚಹಾ ಕುಡೀತೀರೇನು ಅಂದೆ, ಕಾಕಾ," ಎಂದ ಶಿವರಾಜಪ್ಪ. "ಎಡಗಿವಿ ಬಾಜೂಕ, ಮೆಲ್ಲಕ. ಎರಡು ಸಲ ಅಂದೆ." ಅವನ ಕಣ್ಣಲ್ಲಿ ನೀರಿತ್ತು.

ಅವತ್ತು ಕಿಲ್ಲಾ, ಚೌಬಾರಾ ಎರಡೂ ಒಂದೇ ಮಾತಿಗೆ ಬಂದವು. ಮುಂದಿನ ಐತವಾರ ಮತ್ತೊಮ್ಮೆ ಆಡುವುದು. ರೆಫ್ರಿಯನ್ನು ಭಾಲ್ಕಿಯಿಂದ ಕರೆಸುವುದು. ಕಾಕಾಗೆ ವಯಸ್ಸಾಯಿತು, ದಣಿಸುವುದು ಬೇಡ ಎಂದು ಇಬ್ಬರೂ ಮೆತ್ತಗೆ ಹೇಳಿದರು. ಪಂಢರಿ ಕೊರಳಿನ ಸೀಟಿ ತೆಗೆದು ಟೇಬಲ್ಲಿನ ಮೇಲಿಟ್ಟ. ಹಿಂದೆ ಬಲೆಗಾಗಿ ಹೊಡೆದಾಡಿದವರಲ್ಲಿ ಒಬ್ಬರೂ ಆ ಸೀಟಿಯನ್ನು ನಮ್ಮ ಮನೆಯಲ್ಲಿಡುತ್ತೇವೆ ಎನ್ನಲಿಲ್ಲ. ಬಂದ ದಾರಿಯಲ್ಲೇ ಪಂಢರಿ ಬರಿಗೊರಳಲ್ಲಿ ಮನೆಗೆ ಹೋದ.

ಮುಂದಿನ ಐತವಾರ ಹೋಗುವುದಿಲ್ಲ ಎಂದಿದ್ದವನು ಹೊತ್ತಾದಂತೆ ಚಪ್ಪಲಿ ಮೆಟ್ಟಿಕೊಂಡ. ಬಯಲಿಗೇನೋ ಹೋದ, ಆದರೆ ನಿಲ್ಲುವುದೆಲ್ಲಿ? ಈ ಕಡೆ ಕಿಲ್ಲಾದ ಮಂದಿ, ಆ ಕಡೆ ಚೌಬಾರಾದ ಮಂದಿ. ಇಪ್ಪತ್ತು ವರ್ಷ ನಡುವೆ ನಿಂತವನಿಗೆ ಅಂಚಿನಲ್ಲಿ ಜಾಗವೇ ಗೊತ್ತಿರಲಿಲ್ಲ. ನಾಲ್ಕು ಹೆಜ್ಜೆ ಈಚೆ ಬಂದ, ನಾಲ್ಕು ಹೆಜ್ಜೆ ಆಚೆ ಹೋದ. ಕೊನೆಗೆ ಯಾರೂ ಇಲ್ಲದ ಮೂಲೆಯ ಬೇವಿನ ಗಿಡದ ಕೆಳಗೆ, ಬಲಗಿವಿ ಮೈದಾನದ ಕಡೆ ಮಾಡಿ ನಿಂತ.

ಭಾಲ್ಕಿಯ ರೆಫ್ರಿ ರತ್ನದೀಪ ಚುರುಕಿನ ತರುಣ. ಕರಿ ಅಂಗಿ, ಕರಿ ಚಡ್ಡಿ, ಜೇಬಿನಲ್ಲಿ ಹಳದಿ ಕೆಂಪು ಕಾರ್ಡು, ಸರ್ಟಿಫಿಕೇಟು ಬೇರೆ. ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಕಿಲ್ಲಾದವನೊಬ್ಬ ರವಿಕಿರಣನ ಅಂಗಿ ಎಳೆದ. ರತ್ನದೀಪ ಒಂದು ಸೀಟಿ ಊದಿದ, ಕೈಯಿಂದ ಜಾಗ ತೋರಿಸಿದ, ಹಿಂದೆ ಸರಿದು ನಿಂತ. ಇಪ್ಪತ್ತೆರಡು ಮಂದಿಯೂ ನಿಂತರು.

ನಿಂತವರು ನಿಂತೇ ಇದ್ದರು. ರವಿಕಿರಣ ಚೆಂಡಿನ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಫೈಜಲ ಮುಂದೆ ಅಡ್ಡಗೋಡೆಯ ಹಾಗೆ ನಿಂತ. ರತ್ನದೀಪ ಕೈ ಮಾಡಿದ, "ಒದೀರಿ" ಎಂದ, ಯಾರೂ ಒದೆಯಲಿಲ್ಲ. ಅವನು ಗಡಿಯಾರ ನೋಡಿದ, ಚೆಂಡು ನೋಡಿದ, ತನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ ಸುತ್ತಲೂ ನೋಡಿದ. ಮಂದಿಗೂ ತಿಳಿಯಲಿಲ್ಲ. ತಿಳಿದದ್ದು ಪಂಢರಿಗೆ ಮಾತ್ರ. ಎರಡು ಬಿದ್ದಿರಲಿಲ್ಲವಲ್ಲ!

ಮೊದಲು ರವಿಕಿರಣ ಬೇವಿನ ಗಿಡದ ಕಡೆ ತಿರುಗಿದ. ಆಮೇಲೆ ಫೈಜಲ ತಿರುಗಿದ. ಆಮೇಲೆ ಇಪ್ಪತ್ತೆರಡು ಮಂದಿಯೂ ತಿರುಗಿದರು.

ಪಂಢರಿಯ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡ. ಈ ಸಲ ಅದನ್ನು ಒಳಗೆ ಉಳಿಸಿಕೊಳ್ಳಲಿಲ್ಲ.

"ರೈಟ್! ರೈಟ್!" ಎಂದು ಕೂಗಿದ.

ರವಿಕಿರಣ ಚೆಂಡು ಒದ್ದ.